ಮಧ್ಯಾಹ್ನಕ್ಕೇ ಖಾಲಿಯಾದ ಮೇಜಿನ ಕುರಿತು

ಸಂಖ್ಯೆ: ಸಿಬ್ಬಂದಿ/ಸಮಯ/41/1986-87
ರಾಮನಗರ, ದಿನಾಂಕ: 12-8-1986

ವಿಷಯ: ಸಂಜೆ ಐದೂವರೆಗೆ ಮುಂಚಿತವಾಗಿ ಕೆಲಸ ಮುಗಿಸುವ ದುರಭ್ಯಾಸವನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಮೇಲಧಿಕಾರಿಗಳ ದಿಢೀರ್ ತಪಾಸಣೆ, ದಿ: 4-8-1986. 2) ಕ್ಯಾಂಟೀನಿನ ವಹಾಬ್ ಸಾಹೇಬರ ಮೌಖಿಕ ದೂರು.

ತಪಾಸಣೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಮೇಜುಗಳ ಮೇಲೂ ಕುಳಿತವರ ತಲೆ ಕಾಣದಷ್ಟು ಕಡತಗಳಿದ್ದು, ಮೇಲಧಿಕಾರಿಗಳು ಸಂತೋಷಪಟ್ಟಿರುತ್ತಾರೆ. ಆದರೆ ಜೂನ್ ತಿಂಗಳಲ್ಲಷ್ಟೇ ಸೇರಿದ ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಅಖ್ತರಿ ಬೇಗಂರ ಮೇಜಿನ ಮೇಲೆ ಒಂದು ಪೆನ್ನು, ಒಂದು ಟಿಫಿನ್ ಡಬ್ಬಿ ಮಾತ್ರ ಕಂಡುಬಂದಿರುತ್ತವೆ. ವಿವರಣೆ ಕೇಳಲಾಗಿ ಸದರಿಯವರು ಎದ್ದು ನಿಂತು, "ಬಂದ ಕೂಡ್ಲೆ ಮೊದಲ್ನೇ ಫೈಲ್ ತೆಗೀತೀನಿ ಸಾರ್. ಅದು ಮುಗಿಯೋಗಂಟ ಎರಡನೇದು ಮುಟ್ಟಲ್ಲ. ಅಷ್ಟೇ" ಎಂದಿರುತ್ತಾರೆ. ಉತ್ತರ ಸಮಾಧಾನಕರವಾಗಿಲ್ಲ.

ವಿಚಾರಣೆಯಿಂದ ತಿಳಿದುಬಂದದ್ದು: ಅಂದು ಬೆಳಿಗ್ಗೆ ಕೂಟಗಲ್ಲಿನ ಬೋರಮ್ಮ ಎಂಬ ರೈತ ಮಹಿಳೆ ಬಂದು, "ಪಾಣೀಲಿ ನನ್ನ ಬೋರಯ್ಯ ಅಂತ ಬರ್ದವ್ರೆ ಕಣವ್ವ. ಒಂಬತ್ ವರ್ಸದಿಂದ ಹೆಂಗಸು ಅಂತ ಹೇಳ್ತಾನೇ ಇವ್ನಿ" ಎಂದಿದ್ದಾರೆ. ಅಖ್ತರಿಯವರು ಆಕೆಯನ್ನು ಕೂರಿಸಿ, ಹಳೆಯ ವಹಿಯ ಧೂಳು ಕೊಡವಿ, ತಪ್ಪು ಹುಡುಕಿ, ತಾವೇ ಹೊತ್ತೊಯ್ದು ಸಹಿ ಹಾಕಿಸಿ, ಹನ್ನೆರಡು ಗಂಟೆಗೆ ತಿದ್ದಿದ ಪಹಣಿಯ ನಕಲು ಕೈಗಿತ್ತಿದ್ದಾರೆ. ಬೋರಮ್ಮ ಅದನ್ನು ಎದೆಗವಚಿಕೊಂಡು ಜಗಲಿಯಲ್ಲೇ ಅತ್ತಿದ್ದು, ಟೀಗೆ ಹೊರಟಿದ್ದ ಸಿಬ್ಬಂದಿಗೆ ದಾರಿ ಸಿಕ್ಕಿರುವುದಿಲ್ಲ. ಆಕೆ ಒಂದು ಲೋಟ ಟೀಯನ್ನೂ ಕುಡಿಯದೆ ಮುಂದಿನ ಬಸ್ಸಿಗೇ ಊರು ಸೇರಿದ್ದಾರೆ (ಉಲ್ಲೇಖ 2).

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಮುಗಿದ ಕಡತವನ್ನು ಐದೂವರೆಯವರೆಗೆ ಮುಂದೆ ತೆರೆದಿಟ್ಟು, ಹುಬ್ಬು ಗಂಟಿಕ್ಕಿಕೊಂಡು ನೋಡತಕ್ಕದ್ದು.

2. ಮೇಜಿನ ಮೇಲೆ ಎರಡಡಿಗೆ ಕಡಿಮೆ ಇಲ್ಲದಂತೆ ಕಡತವಿರತಕ್ಕದ್ದು. ಕೊರತೆ ಬಿದ್ದವರು ಪಕ್ಕದ ಮೇಜಿನಿಂದ ಕೈಸಾಲ ಪಡೆಯಬಹುದು.

3. ಸಾರ್ವಜನಿಕರು ಎರಡು ಟೀ ಕುಡಿಯುವ ಮುನ್ನ ಅವರ ಕೆಲಸ ಮಾಡಿಕೊಡತಕ್ಕದ್ದಲ್ಲ. ಲೋಟ ಎಣಿಸುವ ಹೊಣೆ ಜವಾನ ಸಿದ್ದಯ್ಯನದು.

4. ಕಾಗದ ಸಿಕ್ಕ ಸಂತೋಷಕ್ಕೆ ಅಳುವವರು ಕಾಂಪೌಂಡಿನ ಹೊರಗೆ, ಮೂರು ನಿಮಿಷ ಮೀರದಂತೆ ಅಳತಕ್ಕದ್ದು.

5. ಅಖ್ತರಿ ಬೇಗಂರನ್ನು ಕೋಡಿಹಳ್ಳಿ ಶಾಖೆಗೆ ವರ್ಗಾಯಿಸಲಾಗಿದೆ. ಆದೇಶ ಓದಿ ಅವರು, "ಅಲ್ಲಿ ಎಷ್ಟು ಫೈಲ್ ಬಾಕಿ ಐತೆ ಸಾರ್?" ಎಂದಷ್ಟೇ ಕೇಳಿದ್ದು, ಪಶ್ಚಾತ್ತಾಪದ ಲಕ್ಷಣ ಕಂಡುಬಂದಿಲ್ಲ. ಅವರು ಹೋದ ಮರುದಿನದಿಂದ ಈ ಕಚೇರಿಯ ಅರ್ಜಿದಾರರೆಲ್ಲ ಕೋಡಿಹಳ್ಳಿ ಬಸ್ಸು ಹತ್ತುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

(ಸಹಿ)
ಕರಿಯಪ್ಪ
ಕಚೇರಿ ಅಧೀಕ್ಷಕರು

ಪ್ರತಿಗಳು:
1. ಎಲ್ಲ ಮೇಜುಗಳಿಗೆ, ಕಡತದ ರಾಶಿಯ ಮೇಲಿಡಲು.
2. ವಹಾಬ್ ಸಾಹೇಬರಿಗೆ, ಹಾಲು ಹೆಚ್ಚು ತರಿಸಲು.
3. ಶ್ರೀಮತಿ ಅಖ್ತರಿ ಬೇಗಂ, ಕೋಡಿಹಳ್ಳಿ; ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ. ಲಗತ್ತು: ಮಗಳ ಮದುವೆಗೆಂದು ಮೇಲೆ ಸಹಿ ಮಾಡಿದ ಅಧೀಕ್ಷಕರೇ ಈ ಕಚೇರಿಗೆ ಕೊಟ್ಟಿದ್ದ, ಇನ್ನೂ ಬಾಕಿ ಇರುವ ರಜೆ ಅರ್ಜಿ. ಮಗಳಿಗೆ ಈಗ ಎರಡನೇ ಬಾಣಂತನ. ದಯವಿಟ್ಟು ಊಟಕ್ಕೆ ಮುಂಚೆ ಮುಗಿಸಿಕೊಡುವುದು.