ಬಿಕ್ಕಳಿಸಿದವನಿಗೆ ಹತ್ತಕ್ಕೆ ಹತ್ತು

ಬಹಳ ಹಿಂದೆ, ಅಂದರೆ ನಿಮ್ಮ ಮನೆಯ ಟಿವಿ ಇನ್ನೂ ಕನ್ನಡಿಯಾಗಿದ್ದ ಕಾಲದಲ್ಲಿ, ಪರಾಕುಪುರವೆಂಬ ರಾಜ್ಯವೊಂದಿತ್ತು. ಎಲ್ಲಿತ್ತು ಎಂದು ಭೂಪಟ ಹರಡಿಕೊಂಡು ಕಣ್ಣು ಹಾಳುಮಾಡಿಕೊಳ್ಳಬೇಡಿ. ನಾನು ಹೇಳುವುದಿಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ. ಆ ರಾಜ್ಯದ ಪ್ರತಿ ಮನೆಯ ಗೋಡೆಗೂ ಅರಮನೆಯವರೇ ಒಂದು ಕನ್ನಡಿ ನೇತುಹಾಕಿಸಿದ್ದರು. ಅದರ ಹೆಸರು ದೂರದರ್ಪಣ. ಅದರಲ್ಲಿ ಪ್ರಜೆಗಳಿಗೆ ತಮ್ಮ ಮುಖವೊಂದನ್ನು ಬಿಟ್ಟು ಉಳಿದವರೆಲ್ಲರ ಮುಖವೂ ಕಾಣುತ್ತಿತ್ತು.

ಹೀಗಿರಲು, ಪರಾಕುಪುರದ ದೊರೆ ಮಕ್ಕಳಿಲ್ಲದೆ ಸ್ವರ್ಗಸ್ಥನಾದ. ರಾಜ್ಯದಲ್ಲಿ ಎರಡು ಪಕ್ಷಗಳಿದ್ದವು, ಛತ್ರಿ ಪಕ್ಷ ಮತ್ತು ಚಾಮರ ಪಕ್ಷ. ಚಾಮರದವರು ಠೇವಣಿ ಕಳೆದುಕೊಂಡೂ ಕಳೆದುಕೊಂಡೂ ಅದನ್ನೇ ಒಂದು ವ್ರತ ಮಾಡಿಕೊಂಡಿದ್ದರು. ಹಾಗಾಗಿ ಛತ್ರಿ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಸಿಂಹಾಸನವೇ ಸಿಕ್ಕ ಹಾಗೆ. ಟಿಕೆಟ್ ಯಾರಿಗೆ ಎಂದು ತೀರ್ಮಾನಿಸಲು ಆಕಾಂಕ್ಷಿಗಳನ್ನು ದೂರದರ್ಪಣದಲ್ಲಿ ವಾದಕ್ಕೆ ನಿಲ್ಲಿಸುವುದು, ಮೂವರು ತೀರ್ಪುಗಾರರು ಹತ್ತಕ್ಕೆ ಇಷ್ಟೆಂದು ಅಂಕದ ಹಲಗೆ ಎತ್ತುವುದು, ಇದು ಅಲ್ಲಿನ ಸಂಪ್ರದಾಯ. ಎಷ್ಟು ಪ್ರಜಾಸತ್ತಾತ್ಮಕ ನೋಡಿ! ಬರೆಯುವಾಗಲೇ ನನಗೆ ಕಣ್ಣು ತುಂಬಿ ಬರುತ್ತಿದೆ.

ಮೊದಲ ತೀರ್ಪುಗಾರರು ವಿಶ್ಲೇಷಣ ಚಕ್ರವರ್ತಿ ಶ್ರೀಮಾನ್ ತಿರುಮಲಾಶಾಸ್ತ್ರಿಗಳು. ಆದದ್ದನ್ನೆಲ್ಲ ಆದಮೇಲೆ ನಿಖರವಾಗಿ ಭವಿಷ್ಯ ನುಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಎರಡನೆಯವರು ಬಾಡಿ ಲ್ಯಾಂಗ್ವೇಜ್ ಪಂಡಿತ ಕೊಟ್ಟೂರಯ್ಯನವರು. ಅಭ್ಯರ್ಥಿ ಮೂಗು ತುರಿಸಿಕೊಂಡರೆ ಸಾಕು, ಅವನ ವಿದೇಶಾಂಗ ನೀತಿ ಹೇಳಿಬಿಡುತ್ತಿದ್ದರು. ಮೂರನೆಯ ಕುರ್ಚಿ ಸಾಮಾನ್ಯ ಪ್ರಜೆಯ ಕೋಟಾ. ಆ ಸಲ ಚೀಟಿ ಎತ್ತಿದಾಗ ಬಂದದ್ದು ಕೆಳಪೇಟೆಯಲ್ಲಿ ಸೊಪ್ಪು ಮಾರುವ ಸಾಕಮ್ಮನ ಹೆಸರು.

ಸಾಕಮ್ಮ ಶಾಲು ಹೊದೆಸಿಕೊಂಡು ಹೋಗಲು ಬಂದವಳಲ್ಲ. ಕೆಳಪೇಟೆ ಇರುವುದು ಹಿರೇಕೆರೆ ಏರಿಯ ಬುಡದಲ್ಲಿ. ಆ ಏರಿ ತೂಬಿನ ಪಕ್ಕ ಬಿರುಕು ಬಿಟ್ಟು, ನೀರು ಜಿನುಗಿ, ಸಾಕಮ್ಮನ ಹಿತ್ತಲ ಗೋಡೆಗೆ ಪಾಚಿ ಕಟ್ಟಿತ್ತು. ಮಳೆಗಾಲಕ್ಕೆ ಇನ್ನೊಂದೇ ತಿಂಗಳು. ಮನೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. "ಯಾರು ಏರಿ ಕಟ್ಟಿಸ್ತೀನಿ ಅಂತಾರೋ ಅವ್ರಿಗೇ ಕಣವ್ವ ನನ್ ಹತ್ತು. ಕತ್ತೆ ಬಂದು ಹೇಳುದ್ರೂ ಕತ್ತೇಗೇ," ಎಂದು ಮಗಳಿಗೆ ಮಾತು ಕೊಟ್ಟು ಮನೆಯಿಂದ ಹೊರಟಿದ್ದಳು.

ವಾದಕ್ಕೆ ನಿಂತವರು ಮೂವರು. ಒಬ್ಬ ಮಾಜಿ ದಂಡನಾಯಕ. ತನ್ನ ಬಿರುದಾವಳಿ ಓದಿ ಮುಗಿಸುವಷ್ಟರಲ್ಲಿ ಅವನ ಸಮಯ ಮುಗಿದು ಗಂಟೆ ಹೊಡೆಯಿತು. ಅವನನ್ನು ಇಲ್ಲಿಗೇ ಬಿಡೋಣ. ಇನ್ನೊಬ್ಬಳು ಹಿರೇಕೆರೆಯ ನೀರಗಂಟಿ ಈರಮ್ಮ, ಅಂದರೆ ತೂಬು ಎತ್ತಿ ಇಳಿಸಿ ಊರಿಗೆ ನೀರು ಹಂಚುವವಳು. ಪಕ್ಷದ ಮೆರವಣಿಗೆಗಳಲ್ಲಿ ಇಪ್ಪತ್ತು ವರ್ಷ ಛತ್ರಿ ಹಿಡಿದವರು ಯಾರು ಬೇಕಾದರೂ ವಾದಕ್ಕೆ ನಿಲ್ಲಬಹುದೆಂದು ನಿಯಮದ ಪುಸ್ತಕದಲ್ಲಿತ್ತು. ಬೇರೆ ಯಾರೂ ಅದನ್ನು ಓದಿರಲಿಲ್ಲ, ಅವಳು ಓದಿದ್ದಳು. ಮೂರನೆಯವನು ಸ್ವರ್ಗಸ್ಥ ದೊರೆಯ ಭಾವಮೈದ ಉದ್ದಂಡರಾಯ. ಅವನಿಗೆ ಮಾತು ಬರುತ್ತಿರಲಿಲ್ಲ ಎನ್ನುವುದು ಶತ್ರುಗಳ ಅಪಪ್ರಚಾರ. ಮಾತು ಬರುತ್ತಿತ್ತು, ವಿಷಯ ಬರುತ್ತಿರಲಿಲ್ಲ.

ವೇದಿಕೆ ಹತ್ತುವ ಮುಂಚೆ ಉದ್ದಂಡರಾಯ ಹಸಿವು ತಾಳಲಾರದೆ ನಾಲ್ಕು ತಂಬಿಟ್ಟಿನ ಉಂಡೆಗಳನ್ನು ಒಂದರ ಹಿಂದೊಂದು ನುಂಗಿದ್ದ. ನೀರು ಕೇಳಿದರೆ ಮೇಕಪ್ಪಿನವನು, "ಬೇಡಿ ಬುದ್ಧಿ, ತುಟಿ ಬಣ್ಣ ಹೊರಟೋಗುತ್ತೆ," ಎಂದು ತಡೆದ. ಒಣ ತಂಬಿಟ್ಟಿನ ಪ್ರತಾಪ ಏನೆಂದು ತಿಂದವರಿಗೆ ನಾನು ಹೇಳಬೇಕಾಗಿಲ್ಲ.

ನಿರೂಪಕ ಡಂಗುರದ ಮಲಿಯಪ್ಪ ಕಿರುಚಿದ. "ವಾದ ಶುರುವಾಗಿದೆ! ನಮ್ಮಲ್ಲೇ ಮೊದಲು!" ಇಡೀ ರಾಜ್ಯದ ಕನ್ನಡಿಗಳಿಗೆಲ್ಲ ಇದ್ದದ್ದೇ ಒಂದು ವಾಹಿನಿ, ಅದು ಬೇರೆ ಮಾತು. "ಮೊದಲ ಪ್ರಶ್ನೆ! ಹಿರೇಕೆರೆ ಏರಿಯ ಬಗ್ಗೆ ತಮ್ಮ ವಿಷನ್ ಏನು?"

ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ವಿಷನ್ನು ಗಿಷನ್ನು ನಂಗೊತ್ತಿಲ್ಲ ಸ್ವಾಮಿ. ತೂಬಿನ ಎಡಕ್ಕೆ ಎರಡು ಗೇಣು ಬಿರುಕು ಬಿಟ್ಟದೆ. ಎಪ್ಪತ್ತು ಗಾಡಿ ಕಲ್ಲು, ಮುನ್ನೂರು ಆಳು, ಇಪ್ಪತ್ತು ದಿನ ಕೊಡಿ. ಆರಿದ್ರಾ ಮಳೆ ಹಿಡಿಯೋದ್ರೊಳಗೆ ಕಟ್ಟಿ ಮುಗಿಸ್ತೀನಿ. ಇಲ್ದಿದ್ರೆ ಕೆಳಪೇಟೆ ಕೊಚ್ಕೊಂಡು ಹೋಯ್ತದೆ."

ಸಾಕಮ್ಮನ ಕೈ ಆಗಲೇ ಹತ್ತರ ಹಲಗೆಯ ಮೇಲಿತ್ತು. ಆದರೆ ಶಾಸ್ತ್ರಿಗಳು ಕೊಟ್ಟೂರಯ್ಯನವರ ಕಡೆ ಬಾಗಿ, "ಏನ್ರೀ ಇದು, ಕೇಳಿದ್ದಕ್ಕೆ ಉತ್ತರ ಕೊಟ್ಟುಬಿಟ್ಟಳಲ್ಲ? ಪರ್ಫಾರ್ಮೆನ್ಸ್ ಎಲ್ಲಿ?" ಎಂದು ಬೇಸರಪಟ್ಟುಕೊಂಡರು.

ಈಗ ಉದ್ದಂಡರಾಯನ ಸರದಿ. ಅವನು ಮೀಸೆ ತೀಡಿ, ಎದೆ ಸೆಟೆಸಿ, ಗಂಭೀರವಾಗಿ ಆರಂಭಿಸಿದ. "ಮಹಾಜನಗಳೇ! ಏರಿ ಎಂದರೇನು? ಏರುವುದೇ ಏರಿ. ನಾವು ಏರಬೇಕು, ನೀವು ಏರಬೇಕು, ನಾಡು... ಹಿಕ್!"

ಸಭೆ ಕತ್ತು ಉದ್ದ ಮಾಡಿತು.

"ನಾಡು ಏರ... ಹಿಕ್! ಏರಿದ... ಹಿಕ್!"

ಕಣ್ಣು ಮೇಲೆ ಕೆಳಗೆ ಮಾಡುತ್ತ ಒದ್ದಾಡುವ ಆ ದೇಹವನ್ನು ನೋಡಿ ಸಾಕಮ್ಮನ ಹೆಂಗರುಳು ಚುರ್ ಎಂದಿತು. "ಅಯ್ಯೋ ಪಾಪ! ಯಾರೋ ನೆನೆಸ್ಕತಾವ್ರೆ ಕಣ್ರಪ್ಪ. ಒಂದ್ ಲೋಟ ನೀರಾದ್ರೂ ಕೊಡ್ರೋ," ಎಂದುಬಿಟ್ಟಳು. ಬಿಕ್ಕಳಿಕೆ ಬಂದವರನ್ನು ಕಂಡರೆ ನೀವಾದರೂ ಅದನ್ನೇ ಅನ್ನುತ್ತಿದ್ದಿರಿ, ನಾನಾದರೂ ಅದನ್ನೇ. ಅದೊಂದು ಮಾತು ಆ ರಾಜ್ಯಕ್ಕೆ ಏನು ತಂದಿಟ್ಟಿತೆಂದು ಕೇಳಿ.

ಶಾಸ್ತ್ರಿಗಳು ಕುರ್ಚಿಯಿಂದ ಚಂಗನೆ ಎದ್ದರು. "ಕೇಳಿದಿರಾ? ಸಾಮಾನ್ಯ ಪ್ರಜೆಯ ಬಾಯಿಂದಲೇ ಬಂತು! ಯಾರೋ ನೆನೆಯುತ್ತಿದ್ದಾರೆ. ಯಾರು ಆ ಯಾರೋ? ಪ್ರಜೆಗಳು, ಸ್ವಾಮಿ, ಪ್ರಜೆಗಳು! ಈ ಕ್ಷಣದಲ್ಲಿ ಲಕ್ಷಾಂತರ ಜನ ಮನೆಮನೆಯಲ್ಲಿ ಕೂತು ಇವರನ್ನು ನೆನೆಯುತ್ತಿದ್ದಾರೆ. ಇದು ವಾದವಲ್ಲ, ಲೈವ್ ಸಮೀಕ್ಷೆ. ಗಂಟಲಿನಿಂದ ನೇರಪ್ರಸಾರ!"

"ಹೆಗಲು ಗಮನಿಸಿ," ಎಂದರು ಕೊಟ್ಟೂರಯ್ಯನವರು. "ಪ್ರತಿ ಹಿಕ್‌ಗೂ ಎರಡೂ ಹೆಗಲು ಸಮನಾಗಿ ಮೇಲೇಳುತ್ತಿವೆ. ರಾಜ್ಯಭಾರ ಹೊರಲು ಹುಟ್ಟಿದ ಹೆಗಲು."

"ಥೂ, ನಾನ್ ಹಂಗಂದಿದ್ದಲ್ಲ!" ಸಾಕಮ್ಮ ಗಾಬರಿಯಾದಳು. "ಗಂಟ್ಲಿಗೆ ತಂಬಿಟ್ಟು ಸಿಕ್ಕದೆ ಕಣ್ ಸ್ವಾಮಿ. ಮೀಸೆ ಮ್ಯಾಲೆಲ್ಲ ಪುಡಿ ಐತೆ ನೋಡಿ!"

ಅಷ್ಟರಲ್ಲಿ ಮಲಿಯಪ್ಪ ಕರಿಹಲಗೆ ತರಿಸಿ ಲೆಕ್ಕ ಶುರು ಮಾಡಿದ್ದ. ಸಣ್ಣ ಹಿಕ್ ಬಂದರೆ ಮಹಿಳೆಯರು, ದೊಡ್ಡ ಹಿಕ್ ಬಂದರೆ ವರ್ತಕರು, ಜೋಡಿ ಹಿಕ್ ಬಂದರೆ ನವದಂಪತಿಗಳು. "ಮೂವತ್ತೊಂದು! ಮೂವತ್ತೆರಡು! ಈರಮ್ಮನವರಿಗೆ ಇದುವರೆಗೆ ಸೊನ್ನೆ! ಇವರನ್ನು ಒಂದು ಪಿಳ್ಳೆಯೂ ನೆನೆಯುತ್ತಿಲ್ಲ!"

ಈರಮ್ಮನಿಗೆ ಇದೆಲ್ಲ ತಲೆಗೆ ಹೋಗಲಿಲ್ಲ. ಎದುರಿಗೊಬ್ಬ ಉಸಿರು ಸಿಗದೆ ನರಳುತ್ತಿದ್ದಾನೆ, ಅವಳಿಗೆ ಕಂಡದ್ದು ಅಷ್ಟೇ. ಹುಟ್ಟಿದಾರಭ್ಯ ಜನಕ್ಕೆ ನೀರು ಕೊಟ್ಟ ಕೈ. ತನ್ನ ಚೊಂಬು ತೆಗೆದುಕೊಂಡು ಹೋಗಿ ಅವನ ಬಾಯಿಗೆ ಹಿಡಿದಳು.

"ಷಡ್ಯಂತ್ರ!" ಎಂದು ಶಾಸ್ತ್ರಿಗಳು ಗುಡುಗಿದರು. "ಜನರ ನೆನಪಿಗೇ ಎಳ್ಳುನೀರು ಬಿಡುವ ಸಂಚು! ಹಿಡಿಯಿರಿ ಆ ಚೊಂಬನ್ನು!"

ಚೊಂಬನ್ನು ಬಂಧಿಸಲಾಯಿತು. ಈರಮ್ಮನನ್ನು ಅನರ್ಹಗೊಳಿಸಲಾಯಿತು. ಸಾಕಮ್ಮ ಮಾತ್ರ ಬಿಡಲಿಲ್ಲ. ಎದ್ದು ನಿಂತು ಹತ್ತರ ಹಲಗೆಯನ್ನು ಈರಮ್ಮನ ಕಡೆ ಎತ್ತಿ ಹಿಡಿದಳು.

"ತಾಯಿ, ತಮ್ಮ ತೀರ್ಪು ಆಗಲೇ ದಾಖಲಾಗಿದೆ," ಎಂದರು ಶಾಸ್ತ್ರಿಗಳು, ಬೆಣ್ಣೆಯಂಥ ದನಿಯಲ್ಲಿ. "ಯಾರೋ ನೆನೆಸ್ಕತಾವ್ರೆ ಎಂದು ಮೊದಲು ಹೇಳಿದವರೇ ತಾವು. ನಾವಿಬ್ಬರೂ ತಮ್ಮನ್ನು ಅನುಮೋದಿಸಿದ್ದೇವೆ, ಅಷ್ಟೇ. ಮೂವರಿಂದಲೂ ಹತ್ತಕ್ಕೆ ಹತ್ತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು. ಸಾಕಮ್ಮ ಮನೆಗೆ ಹೋಗಿ ಮಗಳ ಮುಖ ನೋಡಲಾರದೆ ಸೊಪ್ಪು ಸೋಸುತ್ತ ಕೂತಳು.

ಉದ್ದಂಡರಾಯನಿಗೆ ಪಟ್ಟವಾಯಿತು. ಪಟ್ಟಾಭಿಷೇಕದ ಮಂಗಳಸ್ನಾನದಲ್ಲಿ ಎರಡು ಗುಟುಕು ನೀರು ಒಳಗೆ ಹೋಗಿ ಬಿಕ್ಕಳಿಕೆ ನಿಂತುಬಿಟ್ಟಿತು. ಆಸ್ಥಾನಕ್ಕೆ ಸಿಡಿಲು ಬಡಿದಂತಾಯಿತು. ಜನ ಪ್ರಭುಗಳನ್ನು ಮರೆತರೆ? ತಕ್ಷಣ ತಂಬಿಟ್ಟು ಇಲಾಖೆ ಸ್ಥಾಪನೆಯಾಗಿ, ಪ್ರತಿ ದರ್ಬಾರಿಗೆ ಮುಂಚೆ ಪ್ರಭುಗಳಿಗೆ ಆರು ಉಂಡೆ ನೈವೇದ್ಯವಾಗತೊಡಗಿತು. ಅರಮನೆಯಲ್ಲಿ ನೀರಿನ ಹೂಜಿಗಳು ನಿಷಿದ್ಧವಾದವು. ಮಂತ್ರಿಗಳೂ ತಮ್ಮನ್ನು ನೆನೆಯುವವರಿದ್ದಾರೆಂದು ತೋರಿಸಲು ಹಿಕ್ ಹಿಕ್ ಎನ್ನತೊಡಗಿದರು. ಆದರೆ ಪ್ರಭುಗಳು ನಾಲ್ಕು ಬಿಕ್ಕಿದರೆ ಮಂತ್ರಿ ಒಂದು ಮಾತ್ರ ಬಿಕ್ಕಬಹುದು ಎಂದು ಶಿಷ್ಟಾಚಾರ ವಿಭಾಗ ಸುತ್ತೋಲೆ ಹೊರಡಿಸಿತು. ಕೊನೆಗೆ ಊರೂರಲ್ಲಿ ಡಂಗುರ: "ಪ್ರಜೆಗಳೆಲ್ಲರೂ ತಪ್ಪದೆ ನೆನೆಯತಕ್ಕದ್ದು! ನೆನೆಯದವರು ರಾಜದ್ರೋಹಿಗಳು!"

ಈರಮ್ಮ ಮತ್ತು ಸಾಕಮ್ಮ ಅರಮನೆಗೆ ಹೋಗಿ ಏರಿಯ ಅರ್ಜಿ ಕೊಟ್ಟರು. "ಬುದ್ಧಿ, ಮಳೆ ಬತ್ತಾ ಐತೆ," ಎಂದು ಸಾಕಮ್ಮ ಕೈಮುಗಿದಳು. "ಮನೇಲಿ ತುಂಬು ಬಸುರಿ ಅವ್ಳೆ. ನಮ್ಮನ್ನ ಮೇಲ್ಪೇಟೆಗಾದ್ರೂ ಕಳುಸಿ."

"ನೀವು ಕೆಳಪೇಟೆಯವರು ನಮ್ಮನ್ನು ದಿನಕ್ಕೆಷ್ಟು ಸಲ ನೆನೆಯುತ್ತೀರಿ?" ಎಂದು ಕೇಳಿದರು ಪ್ರಭುಗಳು.

"ನೆನೀದೆ ಇರಕ್ಕಾಯ್ತದಾ ಬುದ್ಧಿ? ಪಾಚಿ ಗೋಡೆ ನೋಡ್ದಾಗ್ಲೆಲ್ಲಾ ನೆನೀತೀವಿ," ಎಂದಳು ಈರಮ್ಮ.

ಪ್ರಭುಗಳಿಗೆ ಪರಮಾನಂದವಾಯಿತು. ಅರ್ಜಿಯಲ್ಲಿ ಏರಿಗೆಂದು ಕೇಳಿದ್ದ ಎಪ್ಪತ್ತು ಗಾಡಿ ಕಲ್ಲನ್ನು ತರಿಸಿ ಅರಮನೆಯ ಮುಂದೆ ಬಿಕ್ಕಳಿಕೆ ಮಂಟಪ ಕಟ್ಟಿಸುವಂತೆ ಅಲ್ಲೇ ಅಪ್ಪಣೆಯಾಯಿತು.

ಆರಿದ್ರಾ ಮಳೆ ಯಾರ ಅಪ್ಪಣೆಗೂ ಕಾಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತೂಬಿನ ಪಕ್ಕದ ಬಿರುಕು ಬಾಯಿ ತೆರೆಯಿತು. ಈರಮ್ಮ ಬೀದಿಬೀದಿಯಲ್ಲಿ ತಮಟೆ ಬಡಿದು ಕೂಗಿದ್ದರಿಂದ ಜನವೆಲ್ಲ ಹೇಗೋ ಛತ್ರದ ಮಾಳಿಗೆ ಸೇರಿ ಜೀವ ಉಳಿಸಿಕೊಂಡರು. ಹೆರಿಗೆ ನೋವು ತಿನ್ನುತ್ತಿದ್ದ ಸಾಕಮ್ಮನ ಮಗಳನ್ನು ನಾಲ್ಕು ಜನ ಮಂಚದ ಸಮೇತ ಹೊತ್ತು ಮೇಲೇರಿಸಿದರು. ಕೆಳಗೆ ಸಾಕಮ್ಮನ ಮನೆ, ಪಾಚಿ ಕಟ್ಟಿದ ಗೋಡೆ, ಬಾಣಂತನಕ್ಕೆಂದು ಒಗೆದು ಮಡಿಸಿಟ್ಟ ಹಳೇ ಸೀರೆಗಳ ಗಂಟು, ಎಲ್ಲವೂ ಕಣ್ಣೆದುರೇ ತೇಲಿಹೋದವು.

ಅತ್ತ ದರ್ಬಾರಿಗೆ ಓಲೆಕಾರನೊಬ್ಬ ತೊಪ್ಪೆಯಾಗಿ ಓಡಿಬಂದು ಅಡ್ಡಬಿದ್ದ. "ಪ್ರಭು! ಕೆಳಪೇಟೆ ಪೂರ್ತಿ ನೆನೆದಿದೆ!"

"ಬಹುಪರಾಕ್!" ಎಂದಿತು ಆಸ್ಥಾನ.

"ಪೂರ್ತಿಯೆ?" ಪ್ರಭುಗಳಿಗೆ ನಂಬಲಾಗಲಿಲ್ಲ.

"ಪೂರ್ತಿ ಪ್ರಭು. ಹೆಂಗಸರು, ಮಕ್ಕಳು, ಮುದುಕರು, ಒಬ್ಬರೂ ಬಿಡದೆ ನೆನೆದಿದ್ದಾರೆ. ಬೆಳಗಿನಿಂದ ಒಂದೇ ಸಮನೆ ನೆನೆಯುತ್ತಿದ್ದಾರೆ. ದನಕರು ಕೂಡ ನೆನೆದಿವೆ."

"ದನಕರುಗಳೂ!" ಪ್ರಭುಗಳ ಕಣ್ಣಾಲಿಗಳು ತುಂಬಿ ಬಂದವು. "ಎಷ್ಟರಮಟ್ಟಿಗೆ ನೆನೆದಿದ್ದಾರೆ?"

"ಕುತ್ತಿಗೆಮಟ್ಟ, ಪ್ರಭು."

"ಕಂಠಪೂರ್ತಿ ಎಂದು ಅರ್ಥ," ಎಂದು ಶಾಸ್ತ್ರಿಗಳು ವಿಶ್ಲೇಷಿಸಿದರು.

"ಮತ್ತೆ ಮೇಲ್ಪೇಟೆ?"

ಓಲೆಕಾರ ತಡವರಿಸಿದ. "ಅಲ್ಲಿ... ಯಾರೂ ನೆನೆದಿಲ್ಲ ಪ್ರಭು. ಅವರು ಎತ್ತರದಲ್ಲಿದ್ದಾರೆ."

ಪ್ರಭುಗಳು ಸಿಂಹಾಸನದಿಂದೆದ್ದರು. "ಎತ್ತರದಲ್ಲಿದ್ದರೆ ನೆನೆಯಬಾರದೋ? ಎಷ್ಟು ಕೊಬ್ಬು! ಕೆಳಪೇಟೆಯವರು ಇಷ್ಟು ಚೆನ್ನಾಗಿ ನೆನೆಯಲು ಕಾರಣವೇನು?"

"ಹಿರೇಕೆರೆ ಏರಿ ಒಡೆಯಿತು, ಪ್ರಭು."

"ಹಾಗೋ! ಹಾಗಾದರೆ ಮೇಲ್ಪೇಟೆಯ ಮೇಲಿನ ಕೆರೆಯನ್ನೂ ಒಡೆಯಿರಿ. ನಾಡಿನಲ್ಲಿ ಎಷ್ಟು ಕೆರೆಗಳಿವೆಯೋ ಎಲ್ಲವನ್ನೂ ಒಡೆಯಿರಿ. ನೆನೆಯದ ಪ್ರಜೆ ಒಬ್ಬನೂ ಇರಕೂಡದು!"

ಮೇಲಿನ ಕೆರೆಯ ತೂಬೂ ಈರಮ್ಮನ ಸುಪರ್ದಿನಲ್ಲೇ ಇತ್ತು. ಅದನ್ನು ಎತ್ತಲು ಹೇಳಿಕಳಿಸಿದರೆ ಅವಳು, "ನನ್ ಕೈಲಾಗಕಿಲ್ಲ, ಏನ್ ಮಾಡ್ಕತೀರೋ ಮಾಡ್ಕಳಿ," ಎಂದು ಬೀಗದ ಕೈಯನ್ನು ಪ್ರವಾಹಕ್ಕೆ ಎಸೆದಳು. ಅರಮನೆ ಎದೆಗುಂದಲಿಲ್ಲ. ಲಾಯದಿಂದ ಆನೆಗಳನ್ನು ಬಿಟ್ಟು ಏರಿಗಳನ್ನೇ ಒಡೆಸಲಾಯಿತು. ತಮ್ಮ ಸ್ವಂತ ಮನೆ ಮೇಲ್ಪೇಟೆಯಲ್ಲಿದ್ದರೂ ಶಾಸ್ತ್ರಿಗಳು ಮೊದಲ ಆನೆಗೆ ಅರಿಶಿನ ಕುಂಕುಮ ಹಚ್ಚಿ ಚಾಲನೆ ನೀಡಿದ್ದು ಅವರ ನಿಷ್ಪಕ್ಷಪಾತಕ್ಕೆ ಸಾಕ್ಷಿ. ಸಂಜೆಯೊಳಗೆ ಪರಾಕುಪುರ ಶೇಕಡಾ ನೂರು ನೆನೆಯಿತು.

ಆ ಹೊತ್ತಿಗೆ ಛತ್ರದ ಮಾಳಿಗೆಯ ಮೇಲೆ ಸಾಕಮ್ಮನ ಮಗಳು ಹೆಣ್ಣುಮಗು ಹೆತ್ತಳು. ತಾಯಿ ಮಗು ಇಬ್ಬರೂ ಕ್ಷೇಮ. ಸಾಕಮ್ಮ ಕೂಸನ್ನು ಎದೆಗೊತ್ತಿಕೊಂಡು ಮಾಳಿಗೆಯ ಅಂಚಿಗೆ ಬಂದು ಕೂಗಿದಳು. "ಯಾರತ್ರನಾದ್ರೂ ಒಂದ್ ಒಣಗಿದ್ ಬಟ್ಟೆ ಇದ್ರೆ ಎಸೀರವ್ವೋ, ಕೂಸು ನಡುಗ್ತಾ ಐತೆ!" ಪಕ್ಕದ ಮಾಳಿಗೆಯಲ್ಲಿ ಇರಲಿಲ್ಲ. ಅವರು ಆಚೆಯವರನ್ನು ಕೂಗಿ ಕೇಳಿದರು, ಆಚೆಯವರು ಮೇಲ್ಪೇಟೆಯವರನ್ನು ಕೇಳಿದರು, ಅವರು ಇನ್ನೊಂದು ಊರಿನವರನ್ನು ಕೇಳಿದರು. ಕೂಗು ಮಾಳಿಗೆಯಿಂದ ಮಾಳಿಗೆಗೆ ಹಾದು ನಾಡಿನ ಗಡಿಯವರೆಗೂ ಹೋಗಿ, ಇಲ್ಲ ಎಂದು ವಾಪಸು ಬಂತು. ಸಾಕಮ್ಮ ತನ್ನ ಒದ್ದೆ ಸೆರಗನ್ನೇ ಹಿಂಡಿ ಹಿಂಡಿ ಮೊಮ್ಮಗಳಿಗೆ ಸುತ್ತಿದಳು.

ಮರುದಿನ ಮಲಿಯಪ್ಪ ದೋಣಿಯಲ್ಲಿ ಬಂದು ಕೂಸನ್ನು ದೂರದರ್ಪಣದಲ್ಲಿ ತೋರಿಸಿದ. ಹುಟ್ಟಿದ ಗಳಿಗೆಯಿಂದಲೇ ನೆನೆದ, ರಾಜ್ಯದ ಅತ್ಯಂತ ಕಿರಿಯ ಪ್ರಜೆ ಎಂದು ಪ್ರಭುಗಳು ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟರು.