ಯುರೋಪಿನ ಬೆಣ್ಣೆ, ಮಾವನ ಸೌತೆಕಾಯಿ

ಯುರೋಪಿನ ರೈತರನ್ನು ಉದ್ಧಾರ ಮಾಡುವ ಕೆಲಸ ಅಲ್ಲಿಯ ಮಂತ್ರಿಗಳ ಕೈಯಲ್ಲಿ ಹರಿಯದೇ ಹೋದಾಗ ಆ ಹೊಣೆ ಬಂದು ಬಿದ್ದದ್ದು ಸುಳ್ಯ ತಾಲೂಕಿನ ಆಲೆಟ್ಟಿಯಲ್ಲಿದ್ದ ನನ್ನ ಸೋದರಮಾವನ ತಲೆಯ ಮೇಲೆ! ಹೊರಿಸಿದವರು ಯಾರು ಎಂದು ಕೇಳಬೇಡಿ, ಯಾರೂ ಹೊರಿಸಿರಲಿಲ್ಲ. ಯುರೋಪಿನವರಿಗಂತೂ ವಿಷಯವೇ ಗೊತ್ತಿರಲಿಲ್ಲ. ಮಾವ ಪುತ್ತೂರಿನಿಂದ ಆಚೆ ಕಾಲಿಟ್ಟವರಲ್ಲ. ಹಡಗನ್ನು ಅವರು ನೋಡಿದ್ದು ಕ್ಯಾಲೆಂಡರಿನಲ್ಲಿ. ಆದರೂ ಅಲ್ಲಿಯ ಬೆಣ್ಣೆಯ ಚಿಂತೆಯಲ್ಲಿ ಇಲ್ಲಿ ಅವರು ಊಟ ಬಿಟ್ಟ ದಿನಗಳಿವೆ.

ಎಲ್ಲದಕ್ಕೂ ಮೂಲ ಅವರ ರೇಡಿಯೋ. ಎಂಬತ್ತರ ದಶಕದ ಮಾತು ಇದು. ಪುತ್ತೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ನಾನು ರಜೆ ಸಿಕ್ಕಿದರೆ ಮಾವನ ಮನೆಯಲ್ಲಿರುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವ ಚಾವಡಿಯಲ್ಲಿ ಕುಳಿತು, ರೇಡಿಯೋದ ಕಿವಿ ಹಿಂಡಿ, ಎಲ್ಲಿಯದೋ ಪರದೇಶದ ಇಂಗ್ಲಿಷ್ ವಾರ್ತೆ ಹಿಡಿಯುತ್ತಿದ್ದರು. ಅವರ ಇಂಗ್ಲಿಷ್ ಎಂಟನೆಯ ಕ್ಲಾಸಿನದ್ದು. ಅದೇನೂ ದೊಡ್ಡ ತೊಂದರೆಯಲ್ಲ, ನನ್ನದು ಕಾಲೇಜಿನದ್ದಾದರೂ ಅಷ್ಟೇ ಇತ್ತು! ತೊಂದರೆ ಕೊಡುತ್ತಿದ್ದದ್ದು ಆ ರೇಡಿಯೋ. ಏನಾಯಿತು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತಿತ್ತು. ಯಾಕಾಯಿತು ಎಂದು ಹೇಳುವ ಹೊತ್ತಿಗೆ ಸರಿಯಾಗಿ ಗೊರಗೊರ ಶುರುಮಾಡುತ್ತಿತ್ತು.

"ಅಲ್ಲಿ ಸರಕಾರವೇ ಬೆಣ್ಣೆ ತೆಗೊಳ್ತದಂತೆ ಮಾರಾಯ!" ಎಂದರು ಮಾವ ಒಂದು ಸಂಜೆ. "ಇಂಥ ಬೆಲೆಗೆ ಅಂತ ಮೊದಲೇ ಮಾತು ಕೊಡುದು. ರೈತ ಎಷ್ಟು ತಂದರೂ ಇಲ್ಲ ಅನ್ಲಿಕ್ಕಿಲ್ಲ."

"ತೆಗೊಂಡು ಎಂತ ಮಾಡ್ತಾರೆ ಮಾವ?"

"ಗೋಡೌನಿನಲ್ಲಿ ಇಡುದು. ಈಗ ಅದು ದೊಡ್ಡ ಗುಡ್ಡ ಆಗಿದೆಯಂತೆ. ಬೆಣ್ಣೆಯ ಗುಡ್ಡ!"

"ಯಾರಿಗೂ ಬೇಡದ್ದನ್ನು ಯಾಕೆ ತೆಗೊಳ್ಳುದು?"

"ಅದನ್ನು ಹೇಳುವಾಗ ಗೊರಗೊರ ಬಂತು."

ಒಳಗೆ ಕಡೆಯುವ ಕಲ್ಲಿನ ಸದ್ದು ನಿಂತಿತು. ಮರುದಿನದ ದೋಸೆಗೆ ಅಕ್ಕಿ ಕಡೆಯುತ್ತಿದ್ದ ಅತ್ತೆಯ ಸ್ವರ ಬಂತು: "ಅಲ್ಲ, ದುಡ್ಡು ಕೊಡುದು ಯಾರು?"

"ಅದಕ್ಕೂ ಗೊರಗೊರವೇ," ಎಂದರು ಮಾವ.

ಅತ್ತೆಗೆ ಬಲಗೈಯ ಭುಜದಲ್ಲಿ ನೋವಿತ್ತು. ದಿನಾ ಕಲ್ಲು ತಿರುಗಿಸಿ ತಿರುಗಿಸಿ ಬಂದ ನೋವು. ಸುಳ್ಯದ ನೆಂಟರ ಮನೆಯಲ್ಲಿ ಕರೆಂಟಿನ ಗ್ರೈಂಡರ್ ನೋಡಿ ಬಂದಂದಿನಿಂದ ಅವರ ಆಸೆ ಅದೊಂದೇ. ಸೀರೆ ಕೇಳಿದವರಲ್ಲ, ಬಳೆ ಕೇಳಿದವರಲ್ಲ. "ಈ ಸಲದ ಕಾಳುಮೆಣಸು ಮಾರಿದ ಕೂಡಲೇ ಗ್ರೈಂಡರ್," ಎಂದು ಮಾವ ದೇವರ ಕೋಣೆಯ ಎದುರು ನಿಂತು ಹೇಳಿದ್ದರು. ಯುರೋಪು ನಡುವೆ ಬಾಯಿ ಹಾಕದಿದ್ದರೆ ಆ ವರ್ಷವೇ ಬರುತ್ತಿತ್ತೋ ಏನೋ!

ಬಾಯಿ ಹಾಕಿಸಿದ್ದು ಕಮಲೆಯ ಸೌತೆಕಾಯಿ. ಕಮಲೆ ಪಕ್ಕದ ಮನೆಯವಳು, ಗಂಡ ತೀರಿಕೊಂಡ ಹೆಂಗಸು. ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಸಾಲು ತೆಗೆದು, ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ಸೌತೆ ಬೆಳೆಸುತ್ತಿದ್ದಳು. ಅವಳ ವರ್ಷದ ಖರ್ಚು ನಡೆಯುತ್ತಿದ್ದದ್ದು ಅದರಿಂದಲೇ. ಆ ವರ್ಷ ಊರೆಲ್ಲ ಸೌತೆಯಾಗಿ ಬೆಲೆ ನೆಲಕ್ಕೆ ಬಿತ್ತು. ಸುಳ್ಯದ ವ್ಯಾಪಾರಿ ಹೇಳಿದ ಬೆಲೆ ಬಸ್ಸಿನ ಚಾರ್ಜಿಗೂ ಸಾಲದು. ಕಮಲೆ ಬುಟ್ಟಿಯನ್ನು ಬಸ್‌ಸ್ಟ್ಯಾಂಡಿನ ಹಿಂದೆ ದನಗಳ ಎದುರು ಮಗುಚಿ, ಖಾಲಿ ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದಳಂತೆ. ಅದೇ ಬಸ್ಸಿನಲ್ಲಿದ್ದ ಮಾವ ಮನೆಗೆ ಬಂದವರು ಕಾಫಿ ಮುಟ್ಟಲಿಲ್ಲ, ರೇಡಿಯೋವನ್ನೂ ಹಾಕಲಿಲ್ಲ.

ಬೆಳಿಗ್ಗೆ ಎದ್ದು ಘೋಷಣೆ ಮಾಡಿದರು: "ಇನ್ನು ಸೌತೆ ಯಾರು ತಂದರೂ ನಾನು ತೆಗೊಳ್ತೇನೆ. ಒಂದೇ ಬೆಲೆ. ಎಷ್ಟು ತಂದರೂ ಆದೀತು."

"ತಂದು ಎಂತ ಮಾಡುದು?" ಎಂದರು ಅತ್ತೆ.

"ಕಟ್ಟಿ ಹಾಕುದು!"

ಅದರಲ್ಲಿ ಹುಚ್ಚೇನೂ ಇರಲಿಲ್ಲ. ನಮ್ಮ ಕಡೆ ಹುಳಿಗೆ ಹಾಕುವ, ಹಣ್ಣಾದ ದಪ್ಪ ಸೌತೆಯನ್ನು ಬಾಳೆನಾರಿನಲ್ಲಿ ಬಿಗಿದು ಮಾಡಿನ ಅಡ್ಡಮರಕ್ಕೆ ತೂಗುಹಾಕಿದರೆ ಮಳೆಗಾಲವಿಡೀ ಕೆಡುವುದಿಲ್ಲ. ಎಲ್ಲರ ಮನೆಯಲ್ಲೂ ಹತ್ತಿಪ್ಪತ್ತು ತೂಗುತ್ತಿರುತ್ತವೆ. "ಯುರೋಪಿನವರಿಗೆ ಈ ಬುದ್ಧಿ ಇಲ್ಲ ನೋಡು, ಅದಕ್ಕೇ ಗೋಡೌನಿಗೆ ಬಾಡಿಗೆ ಕೊಡ್ತಾರೆ," ಎಂದು ಮಾವ ನನಗೆ ವಿವರಿಸಿದರು. ನಾನು ತಲೆಯಾಡಿಸಿದೆ. ಬೆಣ್ಣೆಯನ್ನು ಬಾಳೆನಾರಿನಲ್ಲಿ ಕಟ್ಟುವುದು ಹೇಗೆ ಎಂದು ಯೋಚಿಸುತ್ತಾ ಎರಡು ದಿನ ಕಳೆದೆ.

ಮೊದಲು ಕಮಲೆ ಬಂದಳು. ಅವಳ ಹಿಂದೆ ಅವಳ ಓರಗಿತ್ತಿ. ಅದರ ಮರುವರ್ಷ, ಸೌತೆ ಬೆಳೆಸಿ ಗೊತ್ತಿಲ್ಲದವರೂ ಬೆಳೆಸಿದರು! ಬೆಲೆ ಗಟ್ಟಿ ಉಂಟಲ್ಲ, ಯಾರು ಬಿಡುತ್ತಾರೆ? ಕಾಳುಮೆಣಸಿನ ದುಡ್ಡು ಹೋಯಿತು, ಸೌತೆಕಾಯಿ ಬಂತು. ಚಾವಡಿ, ಅಟ್ಟ, ಹಟ್ಟಿ, ಕೊನೆಗೆ ನಾನು ಮಲಗುವ ಕೋಣೆಯ ಮಾಡಿನಲ್ಲೂ ಸೌತೆ. ಮಲಗಿ ಮೇಲೆ ನೋಡಿದರೆ ಹಳದಿ ಹೊಟ್ಟೆಗಳು ನನ್ನನ್ನೇ ನೋಡುತ್ತಿದ್ದವು. ಅತ್ತೆ ಸೌತೆಯ ಹುಳಿ ಮಾಡಿದರು, ಪಲ್ಯ ಮಾಡಿದರು, ದೋಸೆ ಮಾಡಿದರು, ಒಂದು ಚೌತಿಗೆ ಪಾಯಸವನ್ನೂ ಮಾಡಿದರು. ನೆಂಟರು ಬರುವುದು ಕಡಿಮೆಯಾಯಿತು.

ಅತ್ತೆ ದಿನಾ ಹಾಲು ಕೊಡುತ್ತಿದ್ದ ಸೊಸೈಟಿಯ ಸೆಕ್ರೆಟರಿ ಒಂದು ದಿನ ಚಾವಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಾರು ಹರಿದು ಎರಡು ಸೇರು ತೂಕದ ಕಾಯಿಯೊಂದು ಅವರ ಹೆಗಲಿಗೇ ಬಿತ್ತು. ಅವರು "ಅಯ್ಯೋ ಸತ್ತೆ!" ಎಂದರು. ಮಾವನಿಗೆ ಕನಿಕರ ಬಂತು. "ಬೆಣ್ಣೆಯಾಗಿದ್ದರೆ ಇಷ್ಟು ಪೆಟ್ಟಾಗ್ತಿರಲಿಲ್ಲ," ಎಂದರು.

ಉಳಿದದ್ದನ್ನು ಎಂತ ಮಾಡುವುದು? ಆಗ ರೇಡಿಯೋ ಮತ್ತೊಂದು ಸುದ್ದಿ ತಂದಿತು. ಯುರೋಪಿನಲ್ಲಿ ಹೆಚ್ಚಾದ ಹಾಲನ್ನು ಪುಡಿ ಮಾಡಿ, ಆ ಪುಡಿಯನ್ನು ಮತ್ತೆ ಕರುಗಳಿಗೇ ತಿನ್ನಿಸುತ್ತಾರಂತೆ. ಮಾವ ರೇಡಿಯೋವನ್ನು ಆರಿಸಿದರು. "ಕರುವಿನ ಬಾಯಿಯಿಂದ ಬಿಡಿಸಿ ಹಾಲು ಕರೆಯುದು. ಸರಕಾರ ದುಡ್ಡು ಕೊಡುದು. ಮಿಶಿನಿಗೆ ಹಾಕಿ ಪುಡಿ ಮಾಡುದು. ಮತ್ತೆ ಕರುವಿಗೇ ಕೊಡುದು. ಅದರ ಬದಲು ಕರುವನ್ನೇ ಬಿಟ್ಟರೆ ಆಗ್ತಿರಲಿಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಬಿ.ಕಾಂ. ವಿದ್ಯಾರ್ಥಿ, ನನಗೆ ಹೇಗೆ ಗೊತ್ತು? ಕಾಲೇಜಿಗೆ ಹೋಗಿ ಅರ್ಥಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ಅವರು ಎರಡು ಗೆರೆ ಅಡ್ಡಡ್ಡ ಎಳೆದು ಬೇಡಿಕೆ, ಪೂರೈಕೆ ಎಂದು ಬರೆದುಕೊಟ್ಟರು. ಮಾವ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಕಮಲೆ ಎಲ್ಲಿ ಉಂಟು?" ಎಂದರು.

ನಾನೂ ಹುಡುಕಿದೆ. ಸಿಗಲಿಲ್ಲ.

ಮರುದಿನ ಮಾವ ಕೊಳೆಯತೊಡಗಿದ ಸೌತೆಗಳನ್ನು ಹೆಡಗೆಯಲ್ಲಿ ತುಂಬಿಸಿ ಕಮಲೆಯ ಹಟ್ಟಿಗೆ ಕೊಂಡುಹೋಗಿ ಅವಳ ದನಕ್ಕೇ ಹಾಕಿ ಬಂದರು. "ಈಗ ನಾವು ಯುರೋಪಿನ ಸಮಕ್ಕೆ ಬಂದೆವು," ಎಂದು ಕೈ ತೊಳೆದುಕೊಂಡರು.

ಆಮೇಲೆ ಶುರುವಾಯಿತು ಸುಧಾರಣೆ! ಅಲ್ಲಿಯವರು ಹಾಲಿಗೆ ಮಿತಿ ಹಾಕಿದರಂತೆ, ಬೆಳೆಸದೆ ಸುಮ್ಮನಿದ್ದವರಿಗೂ ದುಡ್ಡು ಕೊಡುತ್ತಾರಂತೆ. ಯಾಕೆಂಬುದು ಎಂದಿನಂತೆ ಗೊರಗೊರ. ಮಾವ ಅದನ್ನೂ ತಂದರು: "ಸೌತೆ ಬೆಳೆಸದಿದ್ದವರಿಗೆ ಅರ್ಧ ಬೆಲೆ." ಊರೇ ಗಲಿಬಿಲಿಯಾಯಿತು. ಬೆಳೆಸಬೇಕೋ ಬೇಡವೋ? ಬೆಳೆಸಿ ಕೊಡದಿದ್ದರೆ? ಬೆಳೆಸದೆ ಬೇರೆಯವರದ್ದು ತಂದು ಕೊಟ್ಟರೆ? ಮಾವ ಎಲ್ಲರಿಗೂ ಸಮಾಧಾನವಾಗಿ ಉತ್ತರ ಹೇಳುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು.

ರಸ್ತೆಬದಿಯಲ್ಲಿ ಚಾದ ಅಂಗಡಿಯಿಟ್ಟಿದ್ದ ಕುಂಞಣ್ಣ ಬಂದ. ಅವನಿಗೆ ತುಳಸಿಕಟ್ಟೆಯಷ್ಟೂ ಜಾಗವಿಲ್ಲ.

"ಗೌಡ್ರೆ, ನಾನು ಈ ವರ್ಷ ಸೌತೆ ಬೆಳೆಸಲಿಲ್ಲ."

"ಹೌದಾ."

"ಹೋದ ವರ್ಷವೂ ಬೆಳೆಸಿರಲಿಲ್ಲ. ನಮ್ಮ ಅಪ್ಪ ಕೂಡ ಬೆಳೆಸಿದವರಲ್ಲ. ಹಳೇದನ್ನೂ ಸೇರಿಸಿ ಕೊಡಿ ಮಾರಾಯ್ರೆ."

ಮಾವ ಯೋಚನೆಗೆ ಬಿದ್ದರು. ಕೊನೆಗೆ ಈ ವರ್ಷದ್ದು ಮಾತ್ರ ಕೊಟ್ಟು ಕಳಿಸಿದರು. "ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿ ಉಂಟು ಅಂತ ಗೊತ್ತಾಗಲಿಲ್ಲ," ಎಂದರು ನನ್ನೊಡನೆ.

ಅತ್ತೆಗೆ ಗೊತ್ತಾಗಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದು ಒಳಗಿನಿಂದಲೇ ಕೂಗಿದರು. ಆ ವಾರ ರೇಡಿಯೋದಲ್ಲಿ ಇನ್ನೊಂದು ಸುದ್ದಿ ಇತ್ತು. ಯುರೋಪಿನಲ್ಲಿ ಈ ಖರ್ಚಿಗೆ ಒಟ್ಟಾಗಿ ದುಡ್ಡು ಹಾಕುವ ದೇಶಗಳ ಕೂಟವಿತ್ತು, ಅದರಲ್ಲಿ ಒಂದು ದೇಶದವರು, ನಾವು ಹಾಕಿದ ದುಡ್ಡು ಹೆಚ್ಚಾಯಿತು, ವಾಪಸ್ ಕೊಡಿ ಎಂದು ಜಗಳ ತೆಗೆದಿದ್ದರಂತೆ. ಅತ್ತೆ ಕೈ ಒರೆಸಿಕೊಂಡು ಚಾವಡಿಗೆ ಬಂದರು.

"ಅದು ಯಾವ ದೇಶ? ಅಲ್ಲಿ ಬುದ್ಧಿ ಇದ್ದವರು ಇದ್ದಾರೆ. ನನ್ನ ಗ್ರೈಂಡರ್ ಎಲ್ಲಿ? ಮೂರು ವರ್ಷ ಆಯ್ತು. ದುಡ್ಡು ಕೊಡುದು ಯಾರು ಅಂತ ಅವತ್ತೇ ಕೇಳಿದೆನಲ್ಲ, ಈಗ ಗೊತ್ತಾಯ್ತು. ನನ್ನ ಈ ಭುಜ ಕೊಡುದು!"

ಮಾವ ಬಾಯಿ ತೆರೆದರು. ರೇಡಿಯೋ ಆರಿತ್ತು, ಗೊರಗೊರದ ಸಹಾಯವೂ ಇರಲಿಲ್ಲ.

ಆ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಅತ್ತೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಅದೇ ಬಲಗೈ ಮುರಿದುಕೊಂಡರು. ಕೈಗೆ ಪಟ್ಟಿ ಬಿತ್ತು. ಮನೆಯಲ್ಲಿ ಕಡೆಯುವವರಿಲ್ಲ. ಮಾವ ಒಂದು ದಿನ ತಾವೇ ಕೂತು ಕಡೆದರು. ಪಾತ್ರೆಗಿಂತ ಹೆಚ್ಚು ಹಿಟ್ಟು ನೆಲದ ಮೇಲಿತ್ತು. ಮರುದಿನ ಬೆಳಿಗ್ಗೆ ಎದ್ದರೆ ಒಳಗೆ ಕಲ್ಲಿನ ಸದ್ದು. ಕಮಲೆ ಕಡೆಯುತ್ತಿದ್ದಳು. ಅವಳಿಗೆ ಆಗದ ದಿನ ಓರಗಿತ್ತಿ ಬಂದಳು. ಕುಂಞಣ್ಣನ ಹೆಂಡತಿಯೂ ಬಂದಳು, ಬೆಳೆಸದಿದ್ದ ಸೌತೆಗೆ ಬೆಲೆ ಪಡೆದವನ ಹೆಂಡತಿ!

ಮಾವನಿಗೆ ಸಂಕಟ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಮಲೆ, ಇದಕ್ಕೊಂದು ಬೆಲೆ ಹೇಳು. ಮೊದಲೇ ಮಾತಾಡಿಕೊಳ್ಳುವ," ಎಂದರು.

ಕಮಲೆ ತಲೆಯೆತ್ತಲಿಲ್ಲ. "ನೀವು ಆಚೆ ಹೋಗಿ ಗೌಡ್ರೆ. ಹಿಟ್ಟಿಗೆ ಕಾಲು ತಾಗೀತು," ಎಂದಳು.

ಆ ಸಲ ಕಾಳುಮೆಣಸು ಮಾರಿದ ಮಾವ ನೇರ ಸುಳ್ಯಕ್ಕೆ ಹೋಗಿ ಜೀಪಿನಲ್ಲಿ ಗ್ರೈಂಡರ್ ತಂದರು. ಅಡುಗೆಮನೆಯಲ್ಲಿ ಇಳಿಸಿ, "ಸೌತೆ ಯೋಜನೆ ಇವತ್ತಿಗೆ ಬಂದ್. ಊರಿಗೂ ಹೇಳಿ ಆಗಿದೆ," ಎಂದರು. ಅತ್ತೆ ಸೆರಗಿನಿಂದ ಗ್ರೈಂಡರಿನ ಧೂಳು ಒರೆಸಿದರು. ಮಾವ ರೇಡಿಯೋವನ್ನು ಅಟ್ಟಕ್ಕೆ ಹಾಕಿದರು.

ಆ ಬೇಸಿಗೆಯಲ್ಲೂ ಬೆಲೆ ಬಿತ್ತು. ಒಂದು ಬೆಳಿಗ್ಗೆ ನಾನು ಚಾವಡಿಯಲ್ಲಿದ್ದೆ. ಕಮಲೆ ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತು ಬಸ್ಸಿಗೆಂದು ನಮ್ಮ ಅಂಗಳದ ಬದಿಯಿಂದಲೇ ಹೋಗುತ್ತಿದ್ದಳು. ಈ ಕಡೆ ನೋಡಲಿಲ್ಲ. ಮಾವ ನೋಡಿದರು, ನೋಡಿ ಪೇಪರನ್ನು ಮುಖಕ್ಕೆ ಹಿಡಿದರು.

ಅತ್ತೆ ಹೊರಗೆ ಬಂದರು.

"ಎಲ್ಲಿಗೆ ಹೋಗುದು ಕಮಲೆ? ದನಗಳಿಗೆ ಹಾಕ್ಲಿಕ್ಕಾ? ಇಲ್ಲಿ ತಾ."

"ಅಕ್ಕಾ, ಅದು ನಿಲ್ಲಿಸಿ ಆಯ್ತಂತಲ್ಲ?"

"ನಿಲ್ಲಿಸಿದ್ದು ಇವರು. ನಾನು ನಿಲ್ಲಿಸಲಿಲ್ಲ. ತಾ ಅಂದೆ."

ಮಾವ ಪೇಪರು ಇಳಿಸಿದರು. ಇಷ್ಟು ವರ್ಷ ಅತ್ತೆ ಕೇಳಿದ್ದನ್ನು ಈಗ ಅವರೇ ಕೇಳಿದರು, ಮೆತ್ತಗೆ, ಹೆದರಿ ಹೆದರಿ: "ದುಡ್ಡು ಕೊಡುದು ಯಾರು ಮಾರಾಯ್ತಿ?"

"ಸೊಸೈಟಿಗೆ ಹಾಲು ಕೊಡುದು ನಾನಲ್ವಾ? ಆ ದುಡ್ಡಿನಲ್ಲಿ ನಾನು ಕೊಡ್ತೇನೆ," ಎಂದರು ಅತ್ತೆ. "ನೀವು ಹೋಗಿ ಬಾಳೆನಾರು ತನ್ನಿ."

ಮಾವ ಎದ್ದರು. ನಾರು ತರಲು ತೋಟಕ್ಕೆ ಇಳಿಯಬೇಕಾದವರು ಗಡಿಬಿಡಿಯಲ್ಲಿ ಹಟ್ಟಿಯ ಕಡೆಗೆ ಹೋದರು, ಅಲ್ಲಿಂದ ಹಿಂದೆ ಬಂದರು. ನನ್ನ ಎದುರಿನಿಂದ ದಾಟುವಾಗ ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.