ಅಜ್ಜನ ಹಗ್ಗ, ನನ್ನ ಲುಂಗಿ

ನಾನು ಯಾವ ಊರಲ್ಲೂ ಎರಡು ವರ್ಷ ನೆಟ್ಟಗೆ ನಿಂತವನಲ್ಲ. ನಿಂತಲ್ಲೆಲ್ಲ ಒಂದಿಲ್ಲೊಂದು ಫಜೀತಿ ಆಗಿಯೇ ಆಗುತ್ತದೆ. ಕುವೈತಿನಲ್ಲಿ ಕೊರಿಯಾದ ಕಂಪನಿಯೊಂದು ಯೂನಿವರ್ಸಿಟಿ ಲೈಬ್ರರಿ ಕಟ್ಟುವಲ್ಲಿ ಬಡಿಗನಾಗಿ ಸೇರಿದ ದಿನವೇ ನಮ್ಮ ಬಾಗಲಕೋಟೆ ಮೇಸ್ತ್ರಿ ಹೇಳಿಬಿಟ್ಟ: "ಮೂರು ತಪ್ಪು ಮಾಡಿದಿ ಅಂದ್ರ ಇಕಾಮಾ ಖಲಾಸ್, ಇಲ್ಲಿ ಇರೂ ಪರವಾನಗಿನೇ ಹೋತು. ಸೀದಾ ಊರ ಬಸ್ಸು."

"ಇಲ್ಲಿಂದ ಊರಿಗೆ ಬಸ್ ಅದಾವೇನ್ರಿ?"

"ಇದು ಅರ್ಧಾ ತಪ್ಪು," ಅಂದ.

ಬೂಟು

ಆ ಲೈಬ್ರರಿ ಕೆಳಗೆಲ್ಲ ಗಾಜು, ಕಾಂಕ್ರೀಟು. ಮೇಲೆ ಕೊರಿಯಾದ ಹಳೇ ಮನೆಗಳಂಥ ಬಾಗಿದ ಹೆಂಚಿನ ಚಾವಣಿ ಬರಬೇಕಿತ್ತು. ಒಳಗೊಂದು ಮರದ ನೆಲದ ಓದುವ ಕೋಣೆ. ಅವರ ಪದ್ಧತಿಯಂತೆ ಬೂಟು ಬಿಟ್ಟೇ ಕಾಲಿಡಬೇಕು. ಕೊರಿಯಾದಿಂದ ಬಂದ ಮುದಿ ಬಡಿಗ ಅಜ್ಜ ಬಾಗಿಲಲ್ಲಿ ನಿಂತು ಬೂಟು ಬಿಚ್ಚಿಸುತ್ತಿದ್ದ. ಒಳಗೆ ಸೇಫ್ಟಿ ಸಾಹೇಬ ಬೂಟಿಲ್ಲದವರ ಹೆಸರು ಬರೆದುಕೊಳ್ಳುತ್ತಿದ್ದ. ನಾನು ಒಂದು ಬೂಟು ಬಿಚ್ಚಿ, ಇನ್ನೊಂದು ಹಾಗೇ ಇಟ್ಟುಕೊಂಡು ಹೊಸ್ತಿಲ ಮೇಲೆ ನಿಂತೆ.

ಇಬ್ಬರೂ ಬೈದರು. ಮೇಸ್ತ್ರಿ ಅಂದ: "ಒಂದೂವರೆ."

ನೆಲ

ಕೊರಿಯಾದಲ್ಲಿ ಚಳಿಗೆ ನೆಲದಡಿ ಬಿಸಿ ಹಾಯಿಸುತ್ತಾರಂತೆ. ಕುವೈತಿನಲ್ಲಿ ನೆಲ ಕಾಯಿಸಲು ಸೂರ್ಯ ಒಬ್ಬನೇ ಸಾಕಲ್ಲ? ಅದಕ್ಕೆ ಇಲ್ಲಿ ನೆಲದಡಿಯ ಪೈಪುಗಳಲ್ಲಿ ತಣ್ಣೀರು ಬಿಟ್ಟರು. ಊಟವಾದ ಮೇಲೆ ನೆಲ ಮುಟ್ಟಿ ನೋಡಿದೆ, ತಂಪಿತ್ತು. ಲುಂಗಿ ಹಾಸಿ ಬೆನ್ನು ತಾಗಿಸಿ ನೋಡಿದೆ. ಕಣ್ಣು ಬಿಟ್ಟಾಗ ಯೂನಿವರ್ಸಿಟಿಯ ದೊಡ್ಡವರೆಲ್ಲ ಸುತ್ತ ನಿಂತಿದ್ದರು.

ಒಬ್ಬ ಕುವೈತಿ ಪ್ರೊಫೆಸರ್ ನಕ್ಕುಬಿಟ್ಟ. "ಲೈಬ್ರರಿ ಸರಿಯಾಗೇ ಬಂದಿದೆ. ನಮ್ಮ ಹುಡುಗರು ಓದುವುದೂ ಹೀಗೇ," ಅಂದನಂತೆ.

ಮೇಸ್ತ್ರಿ ನಗಲಿಲ್ಲ. "ಎರಡೂವರೆ."

ಹಗ್ಗ

ಚಾವಣಿಯ ಬಾಗು ಎಷ್ಟಿರಬೇಕು ಅನ್ನುವುದು ಇತ್ಯರ್ಥವಾಗದೆ ಕೆಲಸ ನಿಂತಿತ್ತು. ಕೊರಿಯಾದವರದೇ ಎಳೇ ಇಂಜಿನಿಯರ್ ಕಂಪ್ಯೂಟರಿನಲ್ಲಿ ಗೆರೆ ಬರೆದು ತಂದರೆ ಅಜ್ಜ ಒಪ್ಪಲೊಲ್ಲ. ಅಂಗಳದಲ್ಲಿ ಎರಡು ಕಂಬ ನೆಟ್ಟು, ಹಗ್ಗ ಕಟ್ಟಿ, ಅದು ಜೋತುಬಿದ್ದ ಗೆರೆಯಲ್ಲೇ ಬಾಗು ಹುಡುಕುವುದು ಅವನ ಕಾಲದ ಪದ್ಧತಿ. ಮೂರು ದಿನ ಬಿಗಿದ, ಸಡಿಲಿಸಿದ, ಮನಸ್ಸಿಗೆ ಬರಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಬಿಸಿಲಲ್ಲಿ ಎರಡು ಕಂಬ, ನಡುವೆ ಹಗ್ಗ ಕಂಡರೆ ನಮಗೆ ಅದು ಬಟ್ಟೆ ಒಣಹಾಕುವ ಹಗ್ಗ. ಲುಂಗಿ ಒಗೆದು, ಸರಿಯಾಗಿ ಹಿಂಡದೆ, ಅಗಲಕ್ಕೆ ಹರವಿ ಬಂದೆ.

ಮೇಸ್ತ್ರಿ ಓಡಿ ಬಂದ. "ಮೂರೂವರೆ! ನಡಿಯಲೇ, ಗಂಟು ಕಟ್ಟು!"

ಲುಂಗಿ ಎಳೆಯಲು ಕೈ ಚಾಚಿದೆ. ಅಷ್ಟರಲ್ಲಿ ಅಜ್ಜ ಬಂದು ನನ್ನ ಕೈ ಹಿಡಿದ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಹಗ್ಗ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಮೂರು ದಿನದಲ್ಲಿ ಮೊದಲ ಸಲ ಹಲ್ಲು ಕಾಣಿಸಿತು. ಒದ್ದೆ ಲುಂಗಿಯ ಭಾರಕ್ಕೆ ಹಗ್ಗ ಜೋತದ್ದೇ ಅವನಿಗೆ ಬೇಕಾದ ಬಾಗು! ಇಂಜಿನಿಯರ್‌ಗೆ ಅಳತೆ ತಗೋ ಎಂದು ಕೂಗಿದ.

ಆದರೆ ಕುವೈತಿನ ಬಿಸಿಲು ಕೇಳಬೇಕಲ್ಲ. ಅರ್ಧ ಅಳೆಯುವಷ್ಟರಲ್ಲಿ ಲುಂಗಿ ಒಣಗಿ ಹಗ್ಗ ಮೇಲೆದ್ದಿತು. ಅಜ್ಜ ಹೌಹಾರಿದ. ಮೇಸ್ತ್ರಿ ತಾನೇ ಬಕೆಟ್ ತಂದು ನನ್ನ ಕೈಗಿಟ್ಟ: "ನಿಲ್ಲೋ ತಮ್ಮಾ, ನೀರು ಹೊಡಿ, ಆರಗೊಡಬ್ಯಾಡ!"

ಇಕಾಮಾ ಉಳಿಯಿತು. ಈಗ ಆ ಚಾವಣಿ ನೋಡಿದವರೆಲ್ಲ ಹಕ್ಕಿ ರೆಕ್ಕೆ ಬಿಚ್ಚಿದಂತಿದೆ ಅನ್ನುತ್ತಾರೆ. ನನಗೆ ಕಾಣುವುದು ಒಣಹಾಕಿದ ಲುಂಗಿ. ನಾನಂತೂ ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ನಮ್ಮ ಮನೆತನದಲ್ಲಿ ಯೂನಿವರ್ಸಿಟಿ ತನಕ ಹೋದದ್ದು ನನ್ನ ಲುಂಗಿ ಒಂದೇ.